ಮಡಿಕೇರಿಯ ಗದ್ದುಗೆಗಳು

ಸಹ್ಯಾದ್ರಿಯ ಮಂಜಿನ ಮಡಿಲಲ್ಲಿರುವ ಮಡಿಕೇರಿಯು ಲಿಂಗವಂತರಾದ ಹಾಲೇರಿ ಅರಸರ ರಾಜಧಾನಿಯಾಗಿದ್ದಿತು. 1681ರಲ್ಲಿ ಮುದ್ದುರಾಜನು ಹಾಲೇರಿಯಿಂದ ಇಲ್ಲಿಗೆ ಬಂದು ನೆಲೆಸಿದನು. ‘ಮುದ್ದುರಾಜನ ಕೇರಿ’ಯೇ ಮಡಿಕೇರಿಯಾಯಿತೆಂಬುದು ಪ್ರತೀತಿ. ಅವನ ಮಣ್ಣಿನ ಕೋಟೆಯನ್ನು ಟಿಪ್ಪು ಸುಲ್ತಾನನು ಕಲ್ಲಿನಲ್ಲಿ ಕಟ್ಟಿಸಿ, ಊರಿಗೆ ಜಾಫರಾಬಾದ್ ಎಂದು ಹೆಸರಿಟ್ಟನು. 1790ರಲ್ಲಿ ದೊಡ್ಡವೀರರಾಜೇಂದ್ರನು ಕೋಟೆಯನ್ನು ಮರಳಿ ಪಡೆದನು. ಲಿಂಗರಾಜೇಂದ್ರನು 1820ರಲ್ಲಿ ಓಂಕಾರೇಶ್ವರ ದೇವಾಲಯವನ್ನು ಕಟ್ಟಿಸಿದನು. ನಡುವೆ ಗುಮ್ಮಟ, ಮೂಲೆಗಳಲ್ಲಿ ಮಿನಾರು, ಎದುರಿಗೆ ಕೆರೆ, ಒಳಗೆ ಶಿವಲಿಂಗ.

ಊರಂಚಿನ ಎತ್ತರದಲ್ಲಿ ಅರಸರ ಗದ್ದುಗೆಗಳಿವೆ. ನಡುವಿನದು ದೊಡ್ಡವೀರರಾಜೇಂದ್ರ ಮತ್ತು ಮಹಾದೇವಮ್ಮಾಜಿಯವರದು. ಪಕ್ಕದಲ್ಲಿ ಲಿಂಗರಾಜೇಂದ್ರನದು, ಇನ್ನೊಂದು ಗುರು ರುದ್ರಪ್ಪನವರದು. ಟಿಪ್ಪುವಿನ ಸೇನೆಯೊಡನೆ ಕಾದಿದ ಬಿದ್ದಂಡ ಬೋಪಣ್ಣನ ಸಮಾಧಿಯೂ ಸಮೀಪದಲ್ಲಿದೆ. ಅರಸ, ಗುರು, ಸೇವಕ ಮೂವರಿಗೂ ಒಂದೇ ಅಂಗಳ.

ತಂದೆಗೆ ಗದ್ದುಗೆ ಕಟ್ಟಿಸಿದ ಚಿಕ್ಕವೀರರಾಜೇಂದ್ರನಿಗೆ ಮಾತ್ರ ಇಲ್ಲಿ ಸ್ಥಳವಿಲ್ಲ. 1834ರಲ್ಲಿ ಇಂಗ್ಲಿಷರು ಅವನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡು, ಅವನನ್ನು ಕಾಶಿಗೆ ಕಳುಹಿಸಿದರು. 1852ರಲ್ಲಿ ಇಂಗ್ಲೆಂಡಿಗೆ ತೆರಳಿದ ಅವನು ಕಂಪನಿಯು ತಡೆಹಿಡಿದ ತನ್ನ ಹಣಕ್ಕಾಗಿ ನ್ಯಾಯಾಲಯದ ಮೆಟ್ಟಿಲೇರಿ, 1859ರಲ್ಲಿ ಲಂಡನ್ನಿನಲ್ಲಿಯೇ ಮಡಿದನು. ಮಗಳು ಗೌರಮ್ಮ ಅಲ್ಲಿಯೇ ಕ್ರೈಸ್ತಳಾಗಿ ಬೆಳೆದು 1864ರಲ್ಲಿ ತೀರಿಕೊಂಡಳು.

ಕನ್ನಡದಲ್ಲಿ ಗದ್ದುಗೆಯೆಂದರೆ ಸಿಂಹಾಸನವೂ ಹೌದು, ಸಮಾಧಿಯೂ ಹೌದು. ಏರಿದ ಗದ್ದುಗೆ ಅವನಿಗೆ ಉಳಿಯಲಿಲ್ಲ. ಮಲಗಬೇಕಾದ ಗದ್ದುಗೆ ದೊರೆಯಲಿಲ್ಲ. ಸಿಂಹಾಸನವನ್ನೇರದ ಗುರುವಾದರೋ ಅರಸರ ಸಾಲಿನಲ್ಲಿಯೇ ವಿಶ್ರಮಿಸಿದ್ದಾರೆ. ಮಡಿಕೇರಿಗೆ ಹೋಗುವ ಭಕ್ತರು ಆ ಅಂಗಳದಲ್ಲಿ ಒಂದು ಗಳಿಗೆ ನಿಂತು ಇದನ್ನು ಚಿಂತಿಸಬೇಕು.