ಧಾರವಾಡ ಸೀಮೆಯ ಹಳೆಯ ಛಾಯಾಚಿತ್ರಗಳು: ಚಕ್ಕಡಿ, ರೈಲು, ಮೋಟಾರು

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಸೀಮೆಯಲ್ಲಿ 1939ರ ಮಹಾಯುದ್ಧಕ್ಕೆ ಮುಂಚೆ ತೆಗೆದ ಛಾಯಾಚಿತ್ರಗಳು ಎರಡು ದಾರಿಯಿಂದ ನಮಗೆ ದಕ್ಕಿವೆ. ಗುಡಿ, ಶಾಸನ, ಶಾಲೆ, ಪೇಟೆಗಳನ್ನು ದಾಖಲೆಗೆಂದು ತೆಗೆದ ಸರಕಾರದ ಮತ್ತು ಮಿಷನ್ನಿನ ಚಿತ್ರಗಳು ಒಂದು ಕಡೆ. ದೇಸಾಯಿ, ನಾಡಗೀರ, ಇನಾಮದಾರ, ಗೌಡರ ಮನೆಗಳ ಪಡಸಾಲೆಯಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ ಚಿತ್ರಗಳು ಇನ್ನೊಂದು ಕಡೆ. ಮೋಟಾರು ಕಾಣಿಸುವುದು ಹೆಚ್ಚಾಗಿ ಎರಡನೆಯ ಬಗೆಯಲ್ಲಿ. ಅಲ್ಲಿಯೂ ಅದು ಓಡುತ್ತಿರುವುದಿಲ್ಲ. ವಾಡೆಯ ಬಾಗಿಲಲ್ಲಿ ತೊಳೆಸಿಕೊಂಡು ನಿಂತಿರುತ್ತದೆ.

ಈ ನಾಡಿಗೆ ಕ್ಯಾಮೆರಾ ಬಂದದ್ದು ಮೋಟಾರಿಗಿಂತ ಸುಮಾರು ಅರ್ಧ ಶತಮಾನ ಮೊದಲು. ವಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳ ಚಿತ್ರ ತೆಗೆಯಲು ಮುಂಬಯಿ ಸರಕಾರ 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ನೇಮಿಸಿತು. ಅವರ ನಂತರ ಆ ಕೆಲಸ ವೈದ್ಯರಾಗಿದ್ದ ವಿಲಿಯಂ ಹೆನ್ರಿ ಪಿಗೌ ಅವರ ಪಾಲಿಗೆ ಬಂತು. ಇವರಿಬ್ಬರೂ ಎ. ಸಿ. ಬಿ. ನೀಲ್ ಅವರೂ ತೆಗೆದ ಚಿತ್ರಗಳು ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್ ಅವರ ಬರಹಗಳೊಂದಿಗೆ 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು; ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪವೇ ಅದರ ವಿಷಯ. ಅಣ್ಣಿಗೇರಿಯ ಅಮೃತೇಶ್ವರ ಗುಡಿ ಹೆನ್ರಿ ಕಸೆನ್ಸ್ ಅವರ ಪುಸ್ತಕದಲ್ಲಿದೆ. ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವನ್ನು ಕುರಿತ ಆ ಗ್ರಂಥ ಹೊರಬಂದದ್ದು 1926ರಲ್ಲಿ. ಇಂಥ ಚಿತ್ರಗಳಲ್ಲಿ ಕಂಬದ ಪಕ್ಕದಲ್ಲೊಬ್ಬ ರುಮಾಲಿನವನು ನಿಂತಿದ್ದರೆ, ಅವನನ್ನು ನಿಲ್ಲಿಸಿದ್ದು ಬಹುಮಟ್ಟಿಗೆ ಕಂಬದ ಎತ್ತರ ತಿಳಿಯಲೆಂದು. ಅವನ ಹೆಸರು ಯಾರಿಗೂ ಬೇಕಿರಲಿಲ್ಲ. ಇಂದು ಕೆಲವರ ಕಣ್ಣು ಗುಡಿಗಿಂತ ಮೊದಲು ಅವನ ಮೇಲೆ ಬೀಳುತ್ತದೆ.

ಬಾಸೆಲ್ ಮಿಷನ್ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ನೆಲೆಯೂರಿತು. ಸ್ವಿಟ್ಜರ್ಲೆಂಡಿನ ಸಂಗ್ರಹದಲ್ಲಿರುವ ಅದರ ಚಿತ್ರಗಳು ಶಾಲೆ, ಮನೆ, ಜನರ ಉಡುಗೆ ತೊಡುಗೆಗಳನ್ನು ಗುಡಿಗಳಷ್ಟೇ ಆಸ್ಥೆಯಿಂದ ನೋಡಿವೆ. ನೋಟ ಮಿಷನರಿಗಳದು ಎಂಬುದನ್ನು ಮರೆಯದೆ ನೋಡಿದರೆ ದಿನದ ಬದುಕಿನ ಸುಳಿವು ಅಲ್ಲಿ ಹೆಚ್ಚು.

ಮೋಟಾರಿನ ಕತೆಗೆ ಮೊದಲು ನೆಲದ ಕತೆ ಹೇಳಬೇಕು. ನವಲಗುಂದ, ಅಣ್ಣಿಗೇರಿ ಕಡೆಯದು ಎರೆ ಭೂಮಿ. ಬೇಸಿಗೆಯಲ್ಲಿ ಬಿರುಕು ಬಿಡುವ ಈ ಮಣ್ಣು ಒಂದು ದೊಡ್ಡ ಮಳೆ ಬಿದ್ದರೆ ಗಾಲಿಗೆ ಮೆತ್ತಿಕೊಂಡು ಬಂಡಿಯನ್ನೇ ನಿಲ್ಲಿಸುತ್ತದೆ. ಬೆಣ್ಣಿಹಳ್ಳ ತುಂಬಿ ಬಂದರೆ ದಾರಿಯೇ ಇಲ್ಲ. ಖಡೀಕರಣವಾದ ರಸ್ತೆ ಬಿಟ್ಟು ಹೊಲದ ದಾರಿಗೆ ಇಳಿದ ಮೋಟಾರನ್ನು ಮಳೆಗಾಲದಲ್ಲಿ ಎಳೆಯುವುದಕ್ಕೆ ಎತ್ತುಗಳೇ ಬೇಕು. ಕಲಘಟಗಿಯ ಮಾತು ಬೇರೆ. ಅದು ಮಲೆನಾಡಿನ ಅಂಚು. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರದ ಮೇಲೆ ಹಾಯ್ದು ಅರಬೈಲು ಘಟ್ಟ ಇಳಿದು ಕಾರವಾರ ಸೇರುವ ಹಾದಿಯಲ್ಲಿ ಹಿಂದೆ ಹತ್ತಿಯ ಗಾಡಿಗಳು ಸಾಲುಗಟ್ಟಿ ಬಂದರಿಗೆ ಹೋಗುತ್ತಿದ್ದವು.

ಆ ಸಾಲನ್ನು ಮುರಿದದ್ದು ಮೋಟಾರಲ್ಲ, ರೈಲು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿಗಳು ಹುಬ್ಬಳ್ಳಿಯಲ್ಲಿ ಕೂಡಿದವು. ಗದಗಿನ ದಾರಿಯಲ್ಲಿ ಅಣ್ಣಿಗೇರಿಗೂ ಹರಿಹರದ ದಾರಿಯಲ್ಲಿ ಕುಂದಗೋಳಕ್ಕೂ ಸ್ಟೇಶನ್ ಸಿಕ್ಕಿತು. ನವಲಗುಂದ, ಕಲಘಟಗಿಗಳಿಗೆ ಸಿಗಲಿಲ್ಲ. ಯುದ್ಧಪೂರ್ವದ ಬದುಕಿನಲ್ಲಿ ರೈಲಿನ ಜಾಗ ಎಷ್ಟು ದೊಡ್ಡದೆಂದು ತಿಳಿಯಲು ಸಂಗೀತದ ಇತಿಹಾಸವೇ ಸಾಕು. ಸವಾಯಿ ಗಂಧರ್ವರು (1886–1952) ಕುಂದಗೋಳದಲ್ಲಿದ್ದಾಗ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ರೈಲಿನಲ್ಲೇ ಮರಳುತ್ತಿದ್ದರು. ಭೀಮಸೇನ ಜೋಶಿ ಗುರುಗಳ ಮನೆಯಲ್ಲೇ ಉಳಿದಿದ್ದರು. ಗುರುವಿನ ಬಿಡುವಿನ ಜೊತೆಗೆ ಗಾಡಿಯ ವೇಳೆಯನ್ನೂ ನೋಡಬೇಕಿದ್ದ ಈ ಕಲಿಕೆಗೆ ಗೋಡೆಯ ಮೇಲೆ ಒಂದು ಚಿತ್ರವೂ ಇಲ್ಲದಿದ್ದರೆ ಆಶ್ಚರ್ಯವಿಲ್ಲ. ದಿನಾ ಮಾಡುವ ಪ್ರಯಾಣಕ್ಕೆ ಯಾರೂ ಫೋಟೋದವನನ್ನು ಕರೆಸುತ್ತಿರಲಿಲ್ಲ.

ಭಾರತದ ರಸ್ತೆಗೆ ಮೋಟಾರು ಇಳಿದದ್ದು 1890ರ ದಶಕದ ಕೊನೆಗೆ, ಕಲಕತ್ತೆ, ಮುಂಬಯಿಗಳಲ್ಲಿ. 1914ರಲ್ಲಿ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಅನ್ವಯಿಸುವ ಮೋಟಾರು ವಾಹನ ಕಾಯಿದೆ ಬಂತು. ಸಾಮ್ರಾಜ್ಯದ ವಸಾಹತುಗಳಿಗೆ ಫೋರ್ಡ್ ಗಾಡಿಗಳು ಬರುತ್ತಿದ್ದದ್ದು ಕೆನಡಾದ ಕಾರಖಾನೆಯಿಂದ. ಜನರಲ್ ಮೋಟರ್ಸ್ 1928ರಲ್ಲಿ ಮುಂಬಯಿಯ ಶಿವಡಿಯಲ್ಲಿ ಬಿಡಿಭಾಗ ಕೂಡಿಸುವ ಕಾರಖಾನೆ ತೆರೆದ ಮೇಲೆ ಶೆವರ್ಲೆ ಕಾರು, ಲಾರಿಗಳು ಮುಂಬಯಿ ಪ್ರಾಂತದವರಿಗೆ ಇನ್ನಷ್ಟು ಹತ್ತಿರವಾದವು. ಲಾರಿಯ ಚಾಸಿಯ ಮೇಲೆ ಕಟ್ಟಿಗೆಯ ಮೈ ಕಟ್ಟಿಸಿ ಖಾಸಗಿಯವರು ಓಡಿಸಿದ ‘ಸರ್ವಿಸ್ ಮೋಟಾರು’ ಈ ಕಾಲದ್ದೇ. ಹಳ್ಳಿಯವರು ಮೋಟಾರು ಹತ್ತಿದ್ದು ಇಂಥದರಲ್ಲಿ. ಸ್ವಂತದ ಕಾರು ಸಿರಿವಂತರ ಮನೆಯ ಮಾತು.

ಚಿತ್ರದ ಹಿಂದೆ ಇಸವಿ ಬರೆದಿರುವುದು ಅಪರೂಪ. ಆಗ ಗಾಡಿಯೇ ಸಾಕ್ಷಿ ಹೇಳಬೇಕು. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ‘ಟಿ’ಯ ಮೂತಿ 1916ರವರೆಗೆ ಹಿತ್ತಾಳೆಯದು, ಆಮೇಲೆ ಕಪ್ಪು ಬಣ್ಣದ್ದು. ಮುಂದಿನ ಮಾಡೆಲ್ ‘ಎ’ಗೆ ಕಟ್ಟಿಗೆಯ ಅರಗಳ ಬದಲು ತಂತಿಯ ಅರಗಳು. ಆದರೆ ಇದು ಗಾಡಿ ತಯಾರಾದ ಕಾಲ ಮಾತ್ರ. ಊರಿಗೆ ಹಳೆಯ ಗಾಡಿಯೇ ಬಂದಿರಬಹುದು, ಬಂದದ್ದು ಇಪ್ಪತ್ತು ವರ್ಷ ಬಾಳಿರಲೂಬಹುದು. ಹಾಗಾಗಿ ಪಕ್ಕದಲ್ಲಿ ನಿಂತವರನ್ನೂ ನೋಡಬೇಕು. ಗುಂಪಿನಲ್ಲಿ ಪಟಕಾಗಳ ನಡುವೆ ಗಾಂಧಿ ಟೊಪ್ಪಿಗೆ ಇದ್ದರೆ ಚಿತ್ರ ಅಸಹಕಾರ ಚಳವಳಿಯ ದಿನಗಳಿಗಿಂತ ಹಳೆಯದಾಗಿರುವುದು ಕಷ್ಟ. ಗಾಂಧೀಜಿ ಅಧ್ಯಕ್ಷರಾಗಿದ್ದ 1924ರ ಬೆಳಗಾವಿ ಅಧಿವೇಶನದ ಹೊತ್ತಿಗೆ ಅದು ಈ ಸೀಮೆಯಲ್ಲಿ ಹೊಸತಾಗಿ ಉಳಿದಿರಲಿಲ್ಲ.

ಬಣ್ಣದ ವಿಷಯದಲ್ಲಿ ಈ ಚಿತ್ರಗಳು ಮೋಸ ಮಾಡುತ್ತವೆ. ಆ ಕಾಲದ ಗಾಜಿನ ಫಲಕ ಮತ್ತು ಸಾಮಾನ್ಯ ಫಿಲ್ಮಿಗೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ. ಕೆಂಪೆಲ್ಲ ಕಪ್ಪಾಗಿ, ನೀಲಿ ತೀರ ತಿಳಿಯಾಗಿ ಮೂಡುತ್ತಿತ್ತು. ಕುಂಕುಮ ಇದ್ದಿಲಿನ ಬೊಟ್ಟಿನಂತೆ ಕಾಣುತ್ತದೆ. ಇಳಕಲ್ ಸೀರೆಯ ಕೆಂಪು ಸೆರಗು, ಕಲಘಟಗಿಯ ಬಣ್ಣದ ತೊಟ್ಟಿಲು, ನವಲಗುಂದದ ಜಮಖಾನದ ಕೆಂಪು ಪಟ್ಟಿ, ಎಲ್ಲವೂ ಕತ್ತಲಾಗುತ್ತವೆ. ಮೋಡ ತುಂಬಿದ ಆಕಾಶ ಬರಿ ಬಿಳಿ ಗೋಡೆಯಾಗುತ್ತದೆ. ಹಿಂದಿನವರು ಮಂಕು ಬಣ್ಣ ಉಡುತ್ತಿದ್ದರೆಂಬ ಅನಿಸಿಕೆಗೆ ಕಾರಣ ಕ್ಯಾಮೆರಾ, ನೇಕಾರನಲ್ಲ.

ಯಾರೂ ನಗುವುದಿಲ್ಲವೇಕೆ ಎಂಬ ಪ್ರಶ್ನೆಗೆ ತಂತ್ರ ಅರ್ಧ ಉತ್ತರ ಮಾತ್ರ. ಹಳೆಯ ಫಲಕಗಳಿಗೆ ಕೆಲವು ಸೆಕೆಂಡು ಮೈ ಬಿಗಿಹಿಡಿದು ಕೂರಬೇಕಿತ್ತು, ನಿಜ. ಆದರೆ 1930ರ ದಶಕದಲ್ಲಿ ಆ ಕಷ್ಟ ಕಳೆದ ಮೇಲೂ ಮುಖಗಳು ಬಿಗಿದೇ ಇದ್ದವು. ಮನೆತನದ ಗತ್ತು ಕಾಣಬೇಕಿತ್ತು. ಕೋಟು, ರುಮಾಲು, ಕೈಗಡಿಯಾರ, ಕೊನೆಗೆ ಮೋಟಾರು, ಎಲ್ಲವೂ ಆ ಗತ್ತಿಗೆ ಸೇರಿದವು. ಅಮೆರಿಕದಲ್ಲಿ 1900ರಲ್ಲಿ ಒಂದು ಡಾಲರಿಗೆ ಮಾರಾಟಕ್ಕೆ ಬಂದ ಕೊಡಾಕ್ ಬ್ರೌನಿಯಂಥ ಅಗ್ಗದ ಪೆಟ್ಟಿಗೆ ಕ್ಯಾಮೆರಾ ಬೇರೆ ದೇಶಗಳಲ್ಲಿ ಮನೆಮಂದಿಯ ಸಲುಗೆಯನ್ನು ಹಿಡಿಯಿತು. ನಮ್ಮ ಹಳ್ಳಿಗಳಲ್ಲಿ ಅದು ಬಹುಕಾಲ ಉಳ್ಳವರ ಆಟಿಕೆ. ಹತ್ತಿ ಬಿಡಿಸುವ ಹೆಣ್ಣುಮಕ್ಕಳು, ಗಾಡಿ ಹೊಡೆಯುವವರು ಈ ಚಿತ್ರಗಳಿಗೆ ಬಂದರೆ ಅಂಚಿನಿಂದಲೇ ಬಂದರು, ಮೋಟಾರು ನೋಡಲು ಕೂಡಿದ ಗುಂಪಿನಲ್ಲಿ ಅಲುಗಾಡಿ ಮಸುಕಾದ ಮುಖಗಳಾಗಿ.

1939ರಲ್ಲಿ ಹೊಸ ಮೋಟಾರು ಕಾಯಿದೆ ಬಂತು, ಅದೇ ಸೆಪ್ಟೆಂಬರಿನಲ್ಲಿ ಯುದ್ಧವೂ ಬಂತು. ಪೆಟ್ರೋಲಿಗೆ ಪಡಿತರವಾಯಿತು, ಬಸ್ಸುಗಳು ಇದ್ದಿಲು ಸುಟ್ಟು ಗ್ಯಾಸಿನ ಮೇಲೆ ಓಡತೊಡಗಿದವು.

ಈ ಚಿತ್ರಗಳನ್ನು ಹುಡುಕುವವರಿಗೆ ಆಡಳಿತದ ಗಡಿಗಳೇ ಮೊದಲ ತೊಡಕು. 1997ರವರೆಗೆ ಗದಗ, ಹಾವೇರಿಗಳೂ ಧಾರವಾಡ ಜಿಲ್ಲೆಯಲ್ಲೇ ಇದ್ದುದರಿಂದ ‘ಧಾರವಾಡ’ ಎಂಬ ಹಳೆಯ ತಲೆಬರಹದ ಚಿತ್ರ ಲಕ್ಕುಂಡಿಯದೋ ಹಾನಗಲ್ಲಿನದೋ ಆಗಿರಬಹುದು. ಅಣ್ಣಿಗೇರಿ ಇತ್ತೀಚಿನವರೆಗೂ ನವಲಗುಂದ ತಾಲೂಕಿನ ಊರು. ಕುಂದಗೋಳವಂತೂ ಸಂಸ್ಥಾನಗಳ ವಿಲೀನದವರೆಗೆ ಬ್ರಿಟಿಷ್ ಜಿಲ್ಲೆಯದೇ ಅಲ್ಲ. ಅದು ಪಟವರ್ಧನರ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು, ಅಲ್ಲಿಯ ಹಳೆಯ ಕಾಗದ, ಚಿತ್ರಗಳನ್ನು ಜಮಖಂಡಿಯ ಹೆಸರಿನಲ್ಲೂ ಹುಡುಕಬೇಕಾಗುತ್ತದೆ.