ಬತ್ತಿದ ಕೊಳಗಳಲ್ಲಿ ಬೆಳೆದ ವಿದ್ಯೆ

ಕ್ಯಾಲಿಫೋರ್ನಿಯದ ಸಾಂತಾ ಮೋನಿಕಾ ನಗರದ ದಕ್ಷಿಣ ಭಾಗವೂ ಅದಕ್ಕೆ ತಾಗಿದ ವೆನಿಸ್ ಕಡಲತಡಿಯೂ, 1967ರಲ್ಲಿ ಬಾಗಿಲು ಮುಚ್ಚಿದ ಪೆಸಿಫಿಕ್ ಓಷನ್ ಪಾರ್ಕೆಂಬ ವಿಹಾರಸ್ಥಾನದ ಮುರಿದ ಕಂಬಗಳನ್ನು ಸಮುದ್ರದಲ್ಲಿ ನಿಲ್ಲಿಸಿಕೊಂಡು, ಪೂರ್ವವೈಭವವನ್ನು ಕಳೆದುಕೊಂಡು ಅನಾದರಕ್ಕೆ ಗುರಿಯಾಗಿದ್ದುವು. ಡಾಗ್‌ಟೌನ್ ಎಂದು ಹೆಸರಾದ ಆ ಪ್ರದೇಶದಲ್ಲಿಯೇ ಇಂದಿನ ಸ್ಕೇಟ್‌ಬೋರ್ಡ್ ವಿದ್ಯೆಯ ಬಹುಭಾಗ ರೂಪುಗೊಂಡಿತು.

ಹಲಗೆಗೆ ಗಾಲಿ ಜೋಡಿಸಿ ಜಾರುವ ಆಟವೇನೋ ಮೊದಲೇ ಇದ್ದಿತು. ಆದರೆ ಲೋಹದ ಅಥವಾ ಜೇಡಿಮಣ್ಣು ಬೆರೆತ ಅಂದಿನ ಗಾಲಿಗಳು, ಸಣ್ಣ ಹರಳು ಅಡ್ಡ ಬಂದರೂ ತಟಕ್ಕನೆ ನಿಂತು ಸವಾರನನ್ನು ಮುಂದಕ್ಕೆ ಎಸೆಯುತ್ತಿದ್ದುದರಿಂದ, 1960ರ ದಶಕದಲ್ಲಿ ಹಬ್ಬಿದ ಆ ಉತ್ಸಾಹ ಬಹುಬೇಗ ಉಡುಗಿಹೋಯಿತು. 1970ರ ದಶಕದ ಆದಿಯಲ್ಲಿ ಫ್ರಾಂಕ್ ನಾಸ್‌ವರ್ದಿ ಎಂಬ ತರುಣನು ಮಾರಾಟಕ್ಕೆ ತಂದ ಪಾಲಿಯುರೆಥೇನ್ ಗಾಲಿಗಳಾದರೋ, ಗೋಡೆಯನ್ನು ಹಲ್ಲಿ ಹಿಡಿಯುವಂತೆ ನೆಲವನ್ನು ಹಿಡಿದುವು. ಇಳಿಜಾರಿನ ಮೇಲೂ ಬಾಗಿ ತಿರುಗುವುದು ಸಾಧ್ಯವಾಯಿತು.

ಜೆಫ್ ಹೋ, ಸ್ಕಿಪ್ ಎಂಗ್‌ಬ್ಲಮ್, ಕ್ರೇಗ್ ಸ್ಟೆಸಿಕ್ ಎಂಬ ಮೂವರು ನಡೆಸುತ್ತಿದ್ದ ಜೆಫರ್ ಎಂಬ ಸರ್ಫಿಂಗ್ ಹಲಗೆಗಳ ಅಂಗಡಿ ಡಾಗ್‌ಟೌನ್ ಬಡಾವಣೆಯ ಹುಡುಗರಿಗೆ ಮನೆಯೇ ಆಗಿದ್ದಿತು. ಸ್ಟೆಸಿಕ್ ತಮ್ಮ ಸುತ್ತಣ ಗೋಡೆಗಳ ಮೇಲಿನ ಗ್ರಾಫಿಟಿ ಬರವಣಿಗೆಯ ಧಾಟಿಯನ್ನೇ ಹಲಗೆಗಳ ಚಿತ್ರಣಕ್ಕೆ ತಂದರು. ಬೀದಿಯ ಅಕ್ಷರಕ್ಕೂ ಬೀದಿಯ ಆಟಕ್ಕೂ ನಂಟು ಬೆಳೆದುದು ಹೀಗೆ. ಅಲೆಗಳು ಸರ್ಫಿಂಗಿಗೆ ಒದಗದ ಹೊತ್ತಿನಲ್ಲಿ ಶಾಲೆಗಳ ಡಾಂಬರು ಇಳಿಜಾರುಗಳಿಗೆ ಹೋಗುತ್ತಿದ್ದ ಆ ಹುಡುಗರು, ಅಲೆಯ ಮೇಲೆ ಕಲಿತಂತೆಯೇ ಮೊಣಕಾಲು ಮಡಿಸಿ, ಮೈ ತಗ್ಗಿಸಿ, ಕೈಯಿಂದ ನೆಲವನ್ನು ಸವರುತ್ತ ತಿರುಗುತ್ತಿದ್ದರು. 1975ರ ಡೆಲ್ ಮಾರ್ ಸ್ಪರ್ಧೆಯಲ್ಲಿ, ನೆಟ್ಟಗೆ ನಿಂತು ಅಂಗಸಾಧನೆಯ ಚಮತ್ಕಾರಗಳನ್ನು ತೋರುತ್ತಿದ್ದ ಇತರರ ನಡುವೆ, ಜೆಫರ್ ಅಂಗಡಿಯ ತಂಡದವರಾದ ಜೇ ಆಡಮ್ಸ್, ಟೋನಿ ಆಲ್ವ, ಸ್ಟೇಸಿ ಪೆರಾಲ್ಟ ಮತ್ತು ಆ ತಂಡದ ಏಕೈಕ ಹುಡುಗಿಯಾದ ಪೆಗಿ ಓಕಿ ಇವರ ಶೈಲಿ ನೋಡಿದವರನ್ನು ಬೆರಗುಗೊಳಿಸಿತು.

ಅನಂತರ ಬಂದ 1976-77ರ ಅನಾವೃಷ್ಟಿಯಿಂದ ಈಜುಕೊಳಗಳು ಬರಿದಾದುವು. ಹುಡುಗರು ಬೇಲಿ ಹಾರಿ, ತಳದಲ್ಲಿ ಉಳಿದ ನೀರನ್ನು ಹೊರಹಾಕಿ, ನುಣುಪಾದ ಬಾಗುಗೋಡೆಗಳ ಮೇಲೆ ಅಂಚಿನವರೆಗೂ, ಕಡೆಗೆ ಅಂಚನ್ನು ಮೀರಿ ಗಾಳಿಗೂ ಏರಿದರು. ಪೋಲೀಸರು ಬಂದರೆ ಓಡಿದರು. ಪರರ ಮನೆಯಂಗಳಕ್ಕೆ ಅಪ್ಪಣೆಯಿಲ್ಲದೆ ನುಗ್ಗಿದುದು ತಪ್ಪೇ ಸರಿ. ಆದರೂ ಯಾವ ಗುರುವೂ ಕ್ರೀಡಾಂಗಣವೂ ಇಲ್ಲದೆ, ನಗರವು ಕೈಬಿಟ್ಟ ತಾಣಗಳಲ್ಲಿ ಹೊಸ ವಿದ್ಯೆಯೊಂದನ್ನು ಕಟ್ಟಿದ ಅವರ ಪ್ರತಿಭೆಯನ್ನು ಪುಂಡಾಟವೆಂದು ತಳ್ಳಿಹಾಕುವುದು ಅನ್ಯಾಯವೆಂದೇ ನನ್ನ ನಿಶ್ಚಿತಾಭಿಪ್ರಾಯ. 2021ರಲ್ಲಿ ಟೋಕಿಯೊ ಒಲಿಂಪಿಕ್ ಕೂಟಕ್ಕೆ ಸ್ಕೇಟ್‌ಬೋರ್ಡ್ ಮೊದಲ ಬಾರಿಗೆ ಪ್ರವೇಶಿಸಿದಾಗ, ಅದರ ಎರಡು ವಿಭಾಗಗಳಲ್ಲಿ ಒಂದು ನಡೆದುದು ಅಂತಹ ಕೊಳಗಳನ್ನೇ ಹೋಲುವ ಬಾಗುಗೋಡೆಗಳ ತಗ್ಗಿನಲ್ಲಿ.