ಸೋಲಾರ್ ಪ್ಯಾನೆಲ್ಲಿಗೆ ಜಾಗ ಕೊಟ್ಟವರು

ಕರ್ನಾಟಕದಲ್ಲಿ ಸೋಲಾರ್ ಪ್ಯಾನೆಲ್ ಎಲ್ಲಿ ಕೂರಬೇಕೆಂಬುದನ್ನು ಬಿಸಿಲಿಗಿಂತ ಹೆಚ್ಚಾಗಿ ತೀರ್ಮಾನಿಸಿದ್ದು ಜಾಗದ ಹಕ್ಕು. ಬಿಸಿಲಿನ ಲೆಕ್ಕ ಸುಲಭ: ಮುಖ ದಕ್ಷಿಣಕ್ಕೆ, ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಓರೆಯೂ ಹೆಚ್ಚುಕಡಿಮೆ ಅಷ್ಟೇ. 1995ರಲ್ಲಿ ಶುರುವಾದ ಸೆಲ್ಕೋದಂಥ ಸಂಸ್ಥೆಗಳು ಹಳ್ಳಿಮನೆಗಳಿಗೆ ದೀಪದ ಸೋಲಾರ್ ಒಯ್ದಾಗ ಪ್ಯಾನೆಲ್ ಚಿಕ್ಕದು, ಮಾಡು ಮನೆಯವರದೇ, ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಹಂಚಿನ ಮೇಲೆ ಮರದ ನೆರಳು ಬೀಳುವ ಕಡೆ ಅಂಗಳದಲ್ಲೊಂದು ಕಂಬ ನೆಟ್ಟರೆ ಮುಗಿಯಿತು. ಬೆಂಗಳೂರಿನ ತಾರಸಿಗೆ ಮೊದಲು ಬಂದದ್ದು ಕರೆಂಟಿನ ಪ್ಯಾನೆಲ್ ಅಲ್ಲ, ನೀರು ಕಾಯಿಸುವ ಸೋಲಾರ್. ಅದಕ್ಕೆ ಪಂಪಿಲ್ಲ, ಕಾದ ನೀರು ತಾನೇ ಮೇಲೇರುತ್ತದೆ. ಹಾಗಾಗಿ ಪ್ಯಾನೆಲ್ಲಿಗಿಂತ ಎತ್ತರದಲ್ಲಿ ಬಿಸಿನೀರಿನ ಟ್ಯಾಂಕು, ಅದಕ್ಕಿಂತ ಎತ್ತರದಲ್ಲಿ ತಣ್ಣೀರಿನದು. ಬಿಸಿನೀರು ಹೆಚ್ಚು ಬೇಕಾಗುವುದು ಚಳಿಗಾಲದಲ್ಲಿ, ಆಗ ಸೂರ್ಯ ತಗ್ಗಿನಲ್ಲಿರುತ್ತಾನೆಂದು ಓರೆಯನ್ನೂ ಹೆಚ್ಚಿಸುತ್ತಾರೆ. ತಾರಸಿ ಕೊರೆದರೆ ಮಳೆಗಾಲದಲ್ಲಿ ಸೋರುವ ಭಯ; ಅದಕ್ಕೇ ಎಷ್ಟೋ ಕಡೆ ಸ್ಟ್ಯಾಂಡಿನ ಕಾಲುಗಳು ಕಾಂಕ್ರೀಟು ದಿಮ್ಮಿಗಳ ಮೇಲೆ ನಿಂತಿವೆ. ಹೊಸ ಮನೆಗಳಿಗೆ ಇದನ್ನು ಕಡ್ಡಾಯ ಮಾಡಿದ 2007ರ ಸರ್ಕಾರಿ ಆದೇಶ ಸ್ವಂತ ಮನೆಯವರಿಗೆ ಹೊಂದಿತು. ಬಾಡಿಗೆಯವರಿಗೆ ತಾರಸಿಯೇ ಇಲ್ಲ. ಅಪಾರ್ಟ್‌ಮೆಂಟಿನಲ್ಲಿ ಅದು ಎಲ್ಲರದೂ ಹೌದು, ಯಾರದೂ ಅಲ್ಲ.

ನೆಲದ ಕಥೆ ಬೇರೆ. ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ 2010ರ ಹೊತ್ತಿಗೆ ಎದ್ದ ಘಟಕ 3 ಮೆಗಾವ್ಯಾಟಿನದು. 2018ರಲ್ಲಿ ಚಾಲನೆ ಪಡೆದ ಪಾವಗಡದ ಸೋಲಾರ್ ಪಾರ್ಕು ಬೆಳೆದು ನಿಂತದ್ದು 2,050 ಮೆಗಾವ್ಯಾಟಿಗೆ, ಸುಮಾರು 13,000 ಎಕರೆಯಲ್ಲಿ. ಇಷ್ಟು ಜಮೀನನ್ನು ಸರ್ಕಾರ ಕೊಳ್ಳಲಿಲ್ಲ, ಗುತ್ತಿಗೆಗೆ ಹಿಡಿಯಿತು: ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಅವಧಿ 28 ವರ್ಷ. ಹೊಲಗಳೆಲ್ಲ ಕಬ್ಬಿಣದ ಕಾಲುಗಳ ಒಂದೇ ಸಾಲಿನೊಳಗೆ ಸೇರಿದರೂ ಪಹಣಿಯಲ್ಲಿ ರೈತರ ಹೆಸರು ಉಳಿಯಿತು. ಬರಕ್ಕೆ ಬೇಸತ್ತಿದ್ದ ತಾಲ್ಲೂಕು ಒಪ್ಪಿದ್ದರಲ್ಲಿ ಆಶ್ಚರ್ಯವಿಲ್ಲ. ಗುತ್ತಿಗೆ ಹಣ ಮಾತ್ರ ಪಹಣಿ ಇದ್ದವರಿಗೆ. ಅದೇ ಹೊಲಗಳ ಕೂಲಿಯನ್ನೇ ನಂಬಿದ್ದವರಿಗೆ ಈ ಲೆಕ್ಕದಲ್ಲಿ ಸಾಲೇ ಇಲ್ಲ.

ಪ್ಯಾನೆಲ್ಲಿನ ಬೆಲೆ ಇಳಿದದ್ದೇ ಇದಕ್ಕೆಲ್ಲ ಕಾರಣವೆಂದು ವಾದಿಸಬಹುದು. ಬೆಲೆ ಇಳಿದದ್ದು ತಾರಸಿಗೂ ಹೊಲಕ್ಕೂ ಒಂದೇ ಸಮ. ಎಷ್ಟು ಪ್ಯಾನೆಲ್ ಎಂಬುದಕ್ಕೆ ಅದು ಉತ್ತರ, ಎಲ್ಲಿ ಎಂಬುದಕ್ಕಲ್ಲ. ಒಟ್ಟಿಗೆ ಹಾಕಿದರೆ ಅಗ್ಗವೆಂಬ ಇನ್ನೊಂದು ಮಾತಿನಲ್ಲಿ ಹುರುಳಿದೆ. ಆದರೆ ಒಟ್ಟಿಗೆ ಹಾಕಲು ಸಾವಿರಾರು ರೈತರ ನೆಲ ಒಂದು ಒಪ್ಪಂದದಡಿ ಬರಬೇಕಿತ್ತು. ಪಾವಗಡದಲ್ಲಿ ಅದನ್ನು ಸಾಧ್ಯ ಮಾಡಿದ್ದೇ ಗುತ್ತಿಗೆ. ಅಗ್ಗದ ವಾದಕ್ಕೆ ಗುಜರಾತಿನಲ್ಲಿ ನೇರ ಎದುರುಸಾಕ್ಷಿಯೂ ಇದೆ. ಮೆಹ್ಸಾಣಾ ಜಿಲ್ಲೆಯ ಚಂದ್ರಾಸಣದಲ್ಲಿ 2012ರಲ್ಲಿ ನರ್ಮದಾ ಕಾಲುವೆಯ ಶಾಖೆಯೊಂದರ ಮೇಲೆ, ಸುಮಾರು 750 ಮೀಟರ್ ಉದ್ದಕ್ಕೆ 1 ಮೆಗಾವ್ಯಾಟಿನ ಪ್ಯಾನೆಲ್ ಹೊದಿಸಿದರು. ದಂಡೆಯಿಂದ ದಂಡೆಗೆ ತೊಲೆ ಹಾಯಿಸಬೇಕು, ನೆಲದ ಮೇಲಿನದಕ್ಕಿಂತ ಉಕ್ಕಿನ ಖರ್ಚು ಹೆಚ್ಚು. ನೀರು ಆವಿಯಾಗುವುದು ತಗ್ಗುತ್ತದೆಂಬ ಲಾಭವನ್ನೂ ಹೇಳಿದರು. ಕಾಲುವೆ ಮೊದಲೇ ಸರ್ಕಾರದ್ದಾಗಿದ್ದರಿಂದ ಯಾವ ರೈತನ ಸಹಿಯೂ ಬೇಕಾಗಲಿಲ್ಲ.